ಶಿಕಾಗೋ ಚಳಿಯಲ್ಲಿ ಓಟ: 65 ದಾಟಿದ ಮೇಲೆ ನಾನು ಮಾಡುವ ರೀತಿ

ಶಿಕಾಗೋ ಕಡೆ ಜನವರಿ ಬೆಳಗಿನ ಜಾವ ಸಾಮಾನ್ಯವಾಗಿ ಮೈನಸ್ 8 ಡಿಗ್ರಿ ಆಸುಪಾಸು ಇರುತ್ತದೆ. ಇದು ಸಾಧಾರಣ ದಿನದ ಮಾತು. 2019ರ ಜನವರಿ ಕೊನೆಯಲ್ಲಿ ಮೈನಸ್ 30 ಮುಟ್ಟಿತ್ತು. ಅಂಥ ದಿನ ಕಿಟಕಿಯಿಂದ ನೋಡುವುದಷ್ಟೇ ಕೆಲಸ. ಉಳಿದ ಬಹುಪಾಲು ದಿನ ಹೊರಗೆ ಓಡಬಹುದು, ಓಡುತ್ತೇನೆ ಕೂಡ. ನನ್ನ ಊರು ತೀರ್ಥಹಳ್ಳಿ ಕಡೆ, ಈಗ ಇರುವುದು ಶಿಕಾಗೋ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ. ಬೆಂಗಳೂರಿನ ಗೆಳೆಯರು ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಆ ಚಳೀಲಿ ಹೆಂಗೆ ಓಡ್ತೀಯೋ ಮಾರಾಯ?" ಕೇಳುವವರೆಲ್ಲ 15 ಡಿಗ್ರಿಗೇ ಮಂಕಿ ಕ್ಯಾಪ್ ಹಾಕುವವರು.

ನಿಜ ಹೇಳಬೇಕೆಂದರೆ ಚಳಿ ಅಷ್ಟು ಕಷ್ಟವಲ್ಲ, ನೆಲ ಕಷ್ಟ. ಚಳಿಗೆ ಬಟ್ಟೆ ಇದೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ನಮ್ಮ ವಯಸ್ಸಿನಲ್ಲಿ ಮತ್ತೆ ಓಡುವುದು ಹಾಗಿರಲಿ, ನಡೆಯುವುದಕ್ಕೇ ತಿಂಗಳುಗಟ್ಟಲೆ ಬೇಕು. ಹಾಗಾಗಿ ನಾನು ಮೊದಲು ನೋಡುವುದು ರಸ್ತೆ, ಆಮೇಲೆ ಥರ್ಮಾಮೀಟರ್.

ಹೊಸದಾಗಿ ಬಿದ್ದ ಹಿಮಕ್ಕೆ ಹೆದರಬೇಕಿಲ್ಲ, ಅದರಲ್ಲಿ ಕಾಲು ಹೂತು ನಿಲ್ಲುತ್ತದೆ. ಹೆದರಬೇಕಾದ್ದು ಬ್ಲ್ಯಾಕ್ ಐಸ್‌ಗೆ. ಹಗಲು ಕರಗಿದ ನೀರು ರಾತ್ರಿ ತೆಳ್ಳಗೆ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಬರೀ ಒದ್ದೆ ರಸ್ತೆ ಥರ ಕಾಣುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿ ಬೆಳೆದವರಿಗೆ ಇಲ್ಲಿ ಕಾಲಿಡುವ ಬಗೆ ಬೇಗ ಬರುತ್ತದೆ. ಹೆಜ್ಜೆ ಗಿಡ್ಡ, ಪಾದ ಪೂರ್ತಿ ಚಪ್ಪಟೆ, ಮೈಭಾರ ಕಾಲಿನ ನೇರ ಮೇಲೆ. ಹಿಮ್ಮಡಿ ಮುಂದೆ ಚಾಚಿದಿರೋ, ಬಿದ್ದಿರಿ.

ನಿವೃತ್ತಿಯ ದೊಡ್ಡ ಲಾಭ ಇಲ್ಲೇ ಇದೆ. ಕೆಲಸಕ್ಕೆ ಹೋಗುವವರು ಬೆಳಗಿನ ಕತ್ತಲಲ್ಲೋ ಸಂಜೆಯ ಕತ್ತಲಲ್ಲೋ ಓಡಬೇಕು. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂ ಕಾಲು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ನಾನು ಹನ್ನೊಂದು ಗಂಟೆಗೆ ಹೊರಡುತ್ತೇನೆ. ಅಷ್ಟರಲ್ಲಿ ಐಸ್ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲಿರುತ್ತಾರೆ, ಬಿಸಿಲು ಬಂದಿರುತ್ತದೆ, ಕಾರಿನವರಿಗೆ ನಾನು ಕಾಣುತ್ತೇನೆ. ಬೆಳಗಿನ ಐದಕ್ಕೆ ಎದ್ದು ಓಡಿದರೇ ಓಟ ಅನ್ನುವ ಹಟ ಈ ವಯಸ್ಸಿಗೆ ಬೇಡವೇ ಬೇಡ.

ಶೂ ವಿಷಯ. ಹಳೇ ಓಟದ ಶೂ ಒಂದು ಜೊತೆಗೆ ಹಾರ್ಡ್‌ವೇರ್ ಅಂಗಡಿಯ 3/8 ಇಂಚಿನ ಶೀಟ್ ಮೆಟಲ್ ಸ್ಕ್ರೂ ಹಾಕಿದ್ದೇನೆ, ಆರು ಮೂಲೆಯ ತಲೆಯವು, ತಲೆ ನೆಲದ ಕಡೆಗೆ. ಅಟ್ಟೆಯ ಅಂಚಿನಲ್ಲಿ ರಬ್ಬರ್ ದಪ್ಪ ಇರುವ ಕಡೆ ಮಾತ್ರ, ಶೂಗೆ ಹತ್ತು ಹನ್ನೆರಡು ಸಾಕು. ಖರ್ಚು ಒಂದು ಕಾಫಿಯಷ್ಟೂ ಇಲ್ಲ. ಶೂ ಮೇಲಿಂದ ತೊಡಿಸುವ, ಅಡಿಯಲ್ಲಿ ತಂತಿ ಸುರುಳಿ ಇರುವ ಯಾಕ್‌ಟ್ರ್ಯಾಕ್ಸ್‌ನಂಥವೂ ಸಿಗುತ್ತವೆ. ಗಟ್ಟಿ ಹಿಮದ ಮೇಲೆ ಚೆನ್ನ, ಬರಿ ಕಾಂಕ್ರೀಟ್ ಸಿಕ್ಕರೆ ಅವೇ ಜಾರುತ್ತವೆ.

ಇನ್ನು ಗಾಳಿ. ಮೈನಸ್ 10 ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 20ರ ಹಾಗೆ. ಇದಕ್ಕೇ ವಿಂಡ್ ಚಿಲ್ ಅನ್ನುವುದು. ಅದು ಮೈನಸ್ 28ರ ಹತ್ತಿರ ಬಂದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ನನ್ನ ಗೆರೆ ಅದಕ್ಕಿಂತ ಬಹಳ ಮೊದಲೇ, ಮೈನಸ್ 20ಕ್ಕೆ. ಅದರ ಕೆಳಗೆ ಹೋದರೆ ಒಳಗೇ ಓಟ. ಹೊರಗೆ ಹೋದ ದಿನ ಮೊದಲು ಗಾಳಿಗೆ ಎದುರಾಗಿ ಓಡಿ, ವಾಪಸ್ ಬರುವಾಗ ಗಾಳಿ ಬೆನ್ನಿಗಿರುವಂತೆ ನೋಡಿಕೊಳ್ಳುತ್ತೇನೆ. ಉಲ್ಟಾ ಮಾಡಿದರೆ ಬೆವರಿನಲ್ಲಿ ನೆಂದ ಮೈಗೆ ಎದುರು ಗಾಳಿ ಹೊಡೆಯುತ್ತದೆ. ಮಿಶಿಗನ್ ಕೆರೆ ದಂಡೆಯಲ್ಲಿ 18 ಮೈಲಿಯ ಲೇಕ್‌ಫ್ರಂಟ್ ಟ್ರೇಲ್ ಇದೆ, ಬೇಸಿಗೆಯಲ್ಲಿ ಸ್ವರ್ಗ. ಚಳಿಗಾಲದಲ್ಲಿ ನಾನು ಅತ್ತ ಹೋಗುವುದಿಲ್ಲ. ಅಲೆ ಹಾರಿ ಬಿದ್ದ ನೀರೂ ದಾರಿಯ ಮೇಲೆ ಗಡ್ಡೆ ಕಟ್ಟುತ್ತದೆ.

ಬದಲಿಗೆ ಮನೆ ಸುತ್ತಲಿನ ಬೀದಿಗಳಲ್ಲೇ ಸುತ್ತು ಹೊಡೆಯುತ್ತೇನೆ. ಬೇಜಾರು ಅನ್ನುವವರಿಗೆ ಎಡ್ ವಿಟ್ಲಾಕ್ ಹೆಸರು ಹೇಳುತ್ತೇನೆ. ಕೆನಡಾದ ಮಿಲ್ಟನ್ ಊರಿನವರು. 2004ರಲ್ಲಿ, 73ನೇ ವಯಸ್ಸಿನಲ್ಲಿ, ಟೊರಾಂಟೋ ಮ್ಯಾರಥಾನನ್ನು 2 ಗಂಟೆ 54 ನಿಮಿಷಗಳಲ್ಲಿ ಮುಗಿಸಿದರು. ಅವರು ಅಭ್ಯಾಸ ಮಾಡುತ್ತಿದ್ದುದು ಮನೆ ಹತ್ತಿರದ ಸ್ಮಶಾನದೊಳಗೆ, ಗಂಟೆಗಟ್ಟಲೆ ಸುತ್ತು ಹಾಕುತ್ತಾ, ನಿಧಾನವಾಗಿ. ಚಿಕ್ಕ ಸುತ್ತಿನ ಗುಣ ಏನೆಂದರೆ, ಕೈ ಮರಗಟ್ಟಿದರೂ ಕಾಲು ಹಿಡಿದುಕೊಂಡರೂ ಮನೆ ಐದು ನಿಮಿಷದ ದೂರದಲ್ಲೇ ಇರುತ್ತದೆ.

ಇಲ್ಲೇ ಇನ್ನೊಂದು ಬದಲಾವಣೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ನಾನು ಕಿಲೋಮೀಟರ್ ಎಣಿಸುವುದಿಲ್ಲ, ನಿಮಿಷ ಎಣಿಸುತ್ತೇನೆ. ಹಿಮದಲ್ಲಿ ಒಂದು ಗಂಟೆ ಓಡಿದರೆ ದೂರ ಕಡಿಮೆ ಬರುತ್ತದೆ, ದಣಿವು ಅಷ್ಟೇ ಆಗುತ್ತದೆ. ವಾಚ್ ತೋರಿಸುವ ವೇಗ ನೋಡಿ ಜೋರಾಗಿ ಓಡಲು ಹೊರಟರೇ ಅಪಾಯ.

ಬಟ್ಟೆಗೆ ಒಂದೇ ಲೆಕ್ಕ: ಬಾಗಿಲು ದಾಟಿದ ಮೊದಲ ಹತ್ತು ನಿಮಿಷ ಸ್ವಲ್ಪ ನಡುಗಬೇಕು. ಆಗಲೇ ಬೆಚ್ಚಗಿದ್ದರೆ ಜಾಸ್ತಿ ಹಾಕಿದ್ದೀರಿ ಎಂದರ್ಥ. ಮೈಗೆ ತಾಗಿದಂತೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗೆ ಹೋಗುವ ಮಿಟನ್ ಬೆಚ್ಚಗೆ. ಕುತ್ತಿಗೆಯ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡರೆ ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ, ಕೆಮ್ಮು ಬರುವುದಿಲ್ಲ. ಗಂಡಸರು ಒಳ ಉಡುಪಿನ ಮುಂಭಾಗಕ್ಕೆ ಗಾಳಿ ತಡೆ ಇರುವುದನ್ನೇ ಕೊಳ್ಳಿ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿ.ಪಿ. ಏರುತ್ತದೆ. ಬಿ.ಪಿ. ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ನಾನು ಬೆಚ್ಚಗಿನ ಹಾಲ್‌ನಲ್ಲೇ ಕಾಲು ಗಂಟೆ ಮೈ ಸಡಿಲ ಮಾಡಿ, ಮೆಟ್ಟಿಲು ಹತ್ತಿಳಿದು ಹೊರಡುತ್ತೇನೆ. ಮನೆ ಮುಂದಿನ ಹಿಮ ಸಲಿಕೆಯಲ್ಲಿ ಎತ್ತಿದ ದಿನ ಓಟಕ್ಕೆ ರಜೆ. ಹಿಮ ಎತ್ತುವಾಗ ಹೃದಯಾಘಾತ ಆಗುವುದು ಇಲ್ಲಿ ಪ್ರತಿ ವರ್ಷದ ಸುದ್ದಿ. "ರೀ, ಎರಡರಲ್ಲಿ ಒಂದು ಮಾಡಿ" ಎಂದು ಇವಳ ಆಜ್ಞೆಯೂ ಆಗಿದೆ. ಬಾಯಾರದಿದ್ದರೂ ಹೊರಡುವ ಮೊದಲು ಬೆಚ್ಚಗಿನ ನೀರು ಕುಡಿಯುತ್ತೇನೆ. ವಯಸ್ಸಾದಂತೆ ದಾಹ ಗೊತ್ತಾಗುವುದು ಕಡಿಮೆ, ಚಳಿಯಲ್ಲಿ ಇನ್ನೂ ಕಡಿಮೆ. ವಾಪಸ್ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ ಮೆಣಸಿನ ಸಾರು.

ಒಳಗೆ ಓಡುವ ದಿನ ಟ್ರೆಡ್‌ಮಿಲ್, ಒಂದು ಪರ್ಸೆಂಟ್ ಏರು ಇಟ್ಟು. ಸುಮ್ನೆ ಓಡಲು ನನಗಂತೂ ಅರ್ಧ ಗಂಟೆಗಿಂತ ಆಗದು. ಉಳಿದ ಹೊತ್ತು ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತುವುದು, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಐಸ್ ಮೇಲೆ ಕಾಲು ಜಾರಿದಾಗ ಸಾವರಿಸಿಕೊಳ್ಳಲು ಆಗುವುದು ಇದರಿಂದ.

ಮಾರ್ಚ್‌ನಲ್ಲಿ ಬಿಸಿಲು ಕಂಡು ಎಲ್ಲರಿಗೂ ಹುರುಪು ಬರುತ್ತದೆ. ಮಧ್ಯಾಹ್ನ ಕರಗುವುದು, ರಾತ್ರಿ ಗಡ್ಡೆಯಾಗುವುದು ಹೆಚ್ಚು ನಡೆಯುವುದು ಆಗಲೇ. ಏಪ್ರಿಲ್‌ನಲ್ಲೂ ಇಲ್ಲಿ ಹಿಮ ಬೀಳುತ್ತದೆ. ಹಾಗಾಗಿ ಸ್ಕ್ರೂ ಹಾಕಿದ ಶೂ ಏಪ್ರಿಲ್ ಮುಗಿಯುವವರೆಗೆ ಬಾಗಿಲ ಹತ್ತಿರವೇ ಇರುತ್ತದೆ. ಓಟದ ಹೊತ್ತನ್ನು ವಾರಕ್ಕೆ ಐದೈದು ನಿಮಿಷ ಮಾತ್ರ ಏರಿಸುತ್ತೇನೆ.