ಪರದೇಶದಲ್ಲಿ ಅಪ್ಪ ತೀರಿಕೊಂಡರೆ: ಕಾರೊನರ್ ಕೆಲಸವೇನು, ಮನೆಯವರ ಕೆಲಸವೇನು

ಮಗನ ಮನೆಗೆಂದು ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋದ ಎಪ್ಪತ್ತರ ಅಪ್ಪ ಒಂದು ಬೆಳಿಗ್ಗೆ ಏಳಲೇ ಇಲ್ಲ ಅಂದುಕೊಳ್ಳಿ. 911ಕ್ಕೆ ಫೋನ್ ಮಾಡಿದ್ದಾಯಿತು, ಆಂಬುಲೆನ್ಸಿನವರು ಬಂದು ಜೀವ ಹೋಗಿದೆ ಎಂದರು. ಅವರ ಬೆನ್ನಿಗೇ ಪೊಲೀಸರು, ಆಮೇಲೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕಾರೊನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿಯ, ಕಚೇರಿಯವರು. ಮನೆಯವರಿಗೆ ಗಾಬರಿ: ನಮ್ಮ ಮೇಲೆ ಅನುಮಾನವೇ?

ಅನುಮಾನವಲ್ಲ, ಕಾನೂನು. ಕೊಲೆ, ಆತ್ಮಹತ್ಯೆ, ಅಪಘಾತ ಮಾತ್ರವಲ್ಲ, ಹಠಾತ್ ಸಾವು, ಸಾಯುವ ಮುಂಚಿನ 20 ದಿನಗಳಲ್ಲಿ ಡಾಕ್ಟರು ನೋಡಿರದವರ ಸಾವು, ಇವನ್ನೆಲ್ಲ ಕಾರೊನರ್ ವಿಚಾರಿಸಲೇಬೇಕೆಂದು ಆ ರಾಜ್ಯದ ಕಾಯಿದೆ ಹೇಳುತ್ತದೆ. ಬಿಪಿ, ಶುಗರ್ ಮಾತ್ರೆಗಳನ್ನು ಆರು ತಿಂಗಳಿಗಾಗುವಷ್ಟು ಊರಿಂದಲೇ ಕಟ್ಟಿಕೊಂಡು ಹೋಗುವ ನಮ್ಮ ಹಿರಿಯರಿಗೆ ಅಲ್ಲಿ ಡಾಕ್ಟರೇ ಇರುವುದಿಲ್ಲ. ಹಾಗಾಗಿ ಈ 20 ದಿನದ ನಿಯಮ ಅವರಿಗೆ ಬಹಳ ಸುಲಭವಾಗಿ ತಗುಲಿಕೊಳ್ಳುತ್ತದೆ.

ಹಂತ 1: ದೇಹವನ್ನು ಅಲುಗಿಸಬೇಡಿ

ಇದೇ ಎಲ್ಲಕ್ಕಿಂತ ಕಷ್ಟ. ಮಂಚದಿಂದ ಇಳಿಸಿ ನೆಲದ ಮೇಲೆ ಮಲಗಿಸುವುದು, ಬಾಯಿಗೆ ತುಳಸಿ ನೀರು ಬಿಡುವುದು, ಪಂಚೆ ಬದಲಿಸುವುದು ನಮಗೆ ಯಾರೂ ಹೇಳಿಕೊಡದೆ ಬರುವ ಕೆಲಸಗಳು. ಕಾರೊನರ್ ವಿಚಾರಣೆಗೆ ಒಳಪಡುವ ಸಾವಿನಲ್ಲಿ ಅವರ ಅನುಮತಿ ಇಲ್ಲದೆ ದೇಹದ ಸ್ಥಿತಿಯನ್ನಾಗಲಿ ಜಾಗವನ್ನಾಗಲಿ ಬದಲಿಸುವಂತಿಲ್ಲ. ಸ್ವಲ್ಪ ದೂರದಲ್ಲಿ ದೀಪ ಹಚ್ಚಿಟ್ಟು ಕಾಯಿರಿ.

ಹಂತ 2: ಮಾತ್ರೆಯ ಸ್ಟ್ರಿಪ್ಪುಗಳನ್ನೂ ಚೀಟಿಗಳನ್ನೂ ತೆಗೆದಿಡಿ

ಊರಿನ ಡಾಕ್ಟರ ಚೀಟಿ, ಹಳೆಯ ಇಸಿಜಿ, ಡಿಸ್ಚಾರ್ಜ್ ಸಮರಿ, ಅರ್ಧ ಖಾಲಿಯಾದ ಸ್ಟ್ರಿಪ್ಪು, ಎಲ್ಲವೂ ಬೇಕು. ಸಹಜ ಸಾವುಗಳಲ್ಲಿ ತನಿಖೆ ಎಷ್ಟು ಆಳಕ್ಕೆ ಹೋಗಬೇಕೆಂಬ ವಿವೇಚನೆ ಕಾರೊನರ್‌ಗಿದೆ. ಕಾಯಿಲೆ ಬಲ್ಲ ಅಲ್ಲಿನ ಡಾಕ್ಟರು ಇದ್ದರೆ ಅವರೇ ಮರಣ ಪ್ರಮಾಣಪತ್ರಕ್ಕೆ ಸಹಿ ಹಾಕಲು ಒಪ್ಪಿಗೆಯನ್ನೂ ಕೊಡಬಹುದು. ಮೈಸೂರಿನ ಡಾಕ್ಟರು ಸಹಿ ಹಾಕಲಾಗದು, ಆದರೆ ಅವರು ಬರೆದ ಎರಡು ಸಾಲು ಈ ವಿವೇಚನೆಗೆ ನೆರವಾದೀತು. ಮೈಮೇಲಿನ ಉಂಗುರ, ವಾಚನ್ನು ಕಚೇರಿಯವರು ವಶಕ್ಕೆ ಪಡೆದರೆ ಪಟ್ಟಿ ಕೇಳಿ ಇಟ್ಟುಕೊಳ್ಳಿ.

ಹಂತ 3: ಶವಪರೀಕ್ಷೆಯ ಮಾತು

ನಮ್ಮಲ್ಲಿ ಠಾಣೆಯವರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ, ಪಂಚರನ್ನು ಕರೆದು ಶವ ಮಹಜರು ಮಾಡುತ್ತಾರೆ. ಅಲ್ಲಿ ಆ ಹೊಣೆ ಕಾರೊನರ್ ಹೆಗಲಿಗೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಹೆಚ್ಚಿನವುಗಳಲ್ಲಿ ಶೆರಿಫರೇ ಕಾರೊನರ್ ಕೂಡ, ಅಂದರೆ ಡಾಕ್ಟರಲ್ಲ, ಪೊಲೀಸ್ ಅಧಿಕಾರಿ. ಫ್ರೀಮಾಂಟ್ ಇರುವ ಅಲಮೀಡಾ ಕೌಂಟಿಯಲ್ಲೂ ಹೀಗೇ. ಪಕ್ಕದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ವೈದ್ಯರ ಪ್ರತ್ಯೇಕ ಕಚೇರಿಯಿದೆ. ದೇಹ ತೆರೆಯುವ ಕೆಲಸವನ್ನಂತೂ ಎಲ್ಲಿಯೂ ಪರವಾನಗಿ ಪಡೆದ ಡಾಕ್ಟರೇ ಮಾಡಬೇಕು. 2016ರಲ್ಲಿ ಆದ ಕಾನೂನು ಇದು. ಇಷ್ಟು ತಡವಾಗಿ ಬಂದದ್ದೇ ಸೋಜಿಗ.

'ಕೊಯ್ಯಬೇಡಿ' ಎಂದು ಮನೆಯವರು ಅಂಗಲಾಚಿದರೆ ಸಾಲದು. ಧರ್ಮದ ಕಾರಣಕ್ಕೆ ಶವಪರೀಕ್ಷೆ ಬೇಡವೆಂದು ತೀರಿಕೊಂಡವರೇ ಬದುಕಿದ್ದಾಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ ಪತ್ರವಿದ್ದರೆ ಅದಕ್ಕೆ ಬೆಲೆಯಿದೆ. ಅಂಥ ಪತ್ರವಿದೆ ಎಂದು ತಿಳಿಸಿದರೆ ಅದನ್ನು ತಂದೊಪ್ಪಿಸಲು 48 ಗಂಟೆ ಸಿಗುತ್ತದೆ. ಅಪರಾಧದ ಗುಮಾನಿಯೋ ಸಾಂಕ್ರಾಮಿಕ ರೋಗದ ಭಯವೋ ಇದ್ದರೆ ಆ ಪತ್ರವೂ ನಡೆಯದು.

ಹಂತ 4: ಮರಣ ಪ್ರಮಾಣಪತ್ರ ಓದುವ ಬಗೆ

ಕಾರೊನರ್ ಬರೆಯುವುದು ಎರಡು ಸಂಗತಿ. ಸಾವಿಗೆ ಕಾರಣ ಒಂದು, ಉದಾಹರಣೆಗೆ ಹೃದಯಾಘಾತ. ಸಾವಿನ ರೀತಿ ಇನ್ನೊಂದು: ಸಹಜ, ಅಪಘಾತ, ಆತ್ಮಹತ್ಯೆ, ಪರರ ಕೈಯಿಂದಾದ ಸಾವು, ಅಥವಾ ನಿರ್ಧರಿಸಲಾಗದ್ದು. 'ಪರರ ಕೈಯಿಂದ' ಎಂದು ಬರೆದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ, ಅದನ್ನು ತೀರ್ಮಾನಿಸಲು ಕೋರ್ಟಿದೆ. (ಕಾರೊನರ್ ಎಂಬ ಹೆಸರಿಗೂ ನಮ್ಮನ್ನು ಕಾಡಿದ ಕೊರೊನಾಕ್ಕೂ ಮೂಲಪದ ಒಂದೇ: ಕಿರೀಟ. 1194ರ ಇಂಗ್ಲೆಂಡಿನಲ್ಲಿ ಇವರು ದೊರೆಯ ಆದಾಯ ಕಾಯುವವರಾಗಿದ್ದರು.)

ಪ್ರಯೋಗಾಲಯದ ವರದಿ ಬರಲು ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕಾರಣದ ಜಾಗದಲ್ಲಿ 'ಪೆಂಡಿಂಗ್' ಎಂದಿರುತ್ತದೆ. ಅದೇ ಪತ್ರದ ಮೇಲೆ ಅಂತ್ಯಕ್ರಿಯೆಗೆ ಪರವಾನಗಿ ಸಿಗುತ್ತದೆ, ತಡೆಯಿಲ್ಲ. ದೇಹವನ್ನು ಊರಿಗೆ ತರುವುದಾದರೆ ಸಾನ್‌ಫ್ರಾನ್ಸಿಸ್ಕೊದ ಭಾರತೀಯ ದೂತಾವಾಸಕ್ಕೆ ಪಾಸ್‌ಪೋರ್ಟು, ಎಂಬಾಮಿಂಗ್ (ದೇಹ ಕೆಡದಂತೆ ಮಾಡುವ ಕ್ರಮ) ಪತ್ರ, ಸಾಂಕ್ರಾಮಿಕ ರೋಗವಿಲ್ಲವೆಂಬ ಪತ್ರ ಬೇಕು. ಇವನ್ನು ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮಿನವರು ಓಡಾಡಿ ಹೊಂದಿಸುತ್ತಾರೆ. ವಿಮೆಯವರು ಮಾತ್ರ ಪೆಂಡಿಂಗ್ ಪ್ರತಿ ನೋಡಿ ಹಣ ಬಿಡುವುದು ಕಷ್ಟ. ವರದಿ ಬಂದ ಮೇಲೆ ತಿದ್ದುಪಡಿಯಾದ ಪ್ರತಿಗೆ ಬೇರೆಯಾಗಿ ಅರ್ಜಿ ಹಾಕಿ.