ಮೊಲದ ವೇಗದ ಎಂಜಿನ್, ಆಮೆಯ ವೇಗದ ಚಕ್ರ: ರೈಡಿಂಗ್ ಮೋವರ್‌ನಿಂದ ಹುಲ್ಲುಹಾಸನ್ನು ಕಾಪಾಡುವ ಕ್ರಮ

ಅಮೆರಿಕದ ನಾರ್ತ್ ಕೆರೊಲಿನಾದ ರಾಲಿ, ಕ್ಯಾರಿ ಸುತ್ತಮುತ್ತ ಮನೆ ಕೊಂಡ ನಮ್ಮವರಲ್ಲಿ ಒಂದು ಕ್ರಮವನ್ನು ನಾನು ಹಲವು ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಮೊದಲ ವರ್ಷ ಹುಲ್ಲು ಕತ್ತರಿಸಲು ಆಳು ಕರೆಸುತ್ತಾರೆ; ಎರಡನೆಯ ವರ್ಷ ಆ ಖರ್ಚು ಕಂಡು ಕೂತು ಓಡಿಸುವ ಮೋವರ್ ಕೊಳ್ಳುತ್ತಾರೆ; ಮೂರನೆಯ ವರ್ಷ ಜುಲೈ ತಿಂಗಳಲ್ಲಿ ಅಂಗಳ ಕಂದುಬಣ್ಣಕ್ಕೆ ತಿರುಗಿತೆಂದು ಗೊಬ್ಬರದ ಚೀಲ ತಂದು ಸುರಿಯುತ್ತಾರೆ. ಅಂಥ ಅಂಗಳಕ್ಕೆ ಹೋಗಿ ಒಂದು ಎಸಳನ್ನು ಕಿತ್ತು ನೋಡಿದರೆ ಅದರ ತುದಿ ಕತ್ತರಿಸಿದಂತೆ ನೇರವಾಗಿರುವುದಿಲ್ಲ, ಹಲ್ಲಿನಿಂದ ಜಗಿದು ಎಳೆದಂತೆ ನಾರುನಾರಾಗಿರುತ್ತದೆ. ಹುಲ್ಲಿನ ಸಂಕಟ ಶುರುವಾಗುವುದು ಅಲ್ಲಿಂದ. ಆದ್ದರಿಂದ ಈ ಲೇಖನದಲ್ಲಿ ಯಂತ್ರದ ಬ್ಲೇಡಿಗೆ ಹೆಚ್ಚು ಜಾಗ ಕೊಟ್ಟು, ಗೊಬ್ಬರಕ್ಕೆ ಕಡಿಮೆ ಕೊಟ್ಟಿದ್ದೇನೆ.

ಮೊದಲು ಯಂತ್ರ ಬೇಕೇ ಎಂದು ಕೇಳಿಕೊಳ್ಳಿ

ಹತ್ತು ಗುಂಟೆಯೊಳಗಿನ, ಅಂದರೆ ಕಾಲು ಎಕರೆಗಿಂತ ಚಿಕ್ಕದಾದ ಜಾಗಕ್ಕೆ ರೈಡಿಂಗ್ ಮೋವರ್ ಕೊಳ್ಳಬೇಡಿ. ತಳ್ಳುವ ಯಂತ್ರವೇ ಸಾಕು. ಅರ್ಧ ಎಕರೆಯಿಂದ ಮೇಲಕ್ಕೆ 42 ಅಂಗುಲದ ಡೆಕ್ (ಯಂತ್ರದ ಕೆಳಗೆ ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಹೊದಿಕೆ) ಇರುವ, ಸ್ಟೀರಿಂಗ್ ಚಕ್ರದ ಸಾಮಾನ್ಯ ಲಾನ್ ಟ್ರ್ಯಾಕ್ಟರ್ ಹೊಂದುತ್ತದೆ. ಕೊಳ್ಳುವ ಮೊದಲು ಹಿತ್ತಲಿನ ಬೇಲಿಯ ಗೇಟನ್ನು ಅಳೆಯಿರಿ. 42 ಅಂಗುಲ ಎಂಬುದು ಕತ್ತರಿಸುವ ಅಗಲವೇ ಹೊರತು ಯಂತ್ರದ ಅಗಲವಲ್ಲ. ಪಕ್ಕದಲ್ಲಿ ಹುಲ್ಲು ಉಗುಳುವ ಕೊಳವೆಬಾಯಿ ಇನ್ನಷ್ಟು ಹೊರಚಾಚಿರುತ್ತದೆ. ಹೊಸ ಯಂತ್ರವನ್ನು ಗೇಟಿನ ಮುಂದೆ ನಿಲ್ಲಿಸಿಕೊಂಡು ಕಂಬ ಕೀಳಿಸಿದವರನ್ನು ನಾನು ಬಲ್ಲೆ.

ಡೆಕ್ಕನ್ನು ಮಟ್ಟ ಮಾಡುವುದು

ಎಲ್ಲರೂ ಹಾರಿಸಿಬಿಡುವ ಹಂತ ಇದು. ಅಂಗಡಿಯಿಂದ ಬಂದ ಯಂತ್ರ ಮಟ್ಟವಾಗಿಯೇ ಇರುತ್ತದೆಂದು ನಂಬುವುದು ತಪ್ಪು. ಲಾರಿಯಿಂದ ಇಳಿಸುವಾಗಲೇ ಅದು ಒಂದು ಕಡೆ ವಾಲಿರಬಹುದು.

ಯಂತ್ರವನ್ನು ಗ್ಯಾರೇಜಿನ ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ ದೂರಕ್ಕೆ ಸರಿಸಿಡಿ. ಕೀಲಿ ತೆಗೆದ ಮೇಲೆ ತಂತಿಯನ್ನೇಕೆ ಕಳಚಬೇಕು ಎಂದು ಕೇಳುವವರಿದ್ದಾರೆ. ಕೈಯಿಂದ ಬ್ಲೇಡು ತಿರುಗಿಸುವ ಕೆಲಸದಲ್ಲಿ ಎರಡೆರಡು ಎಚ್ಚರಿಕೆ ಇದ್ದರೂ ಹೆಚ್ಚಲ್ಲ. ನಂತರ ನಾಲ್ಕೂ ಟೈರುಗಳ ಗಾಳಿಯನ್ನು ಅಳೆಯಿರಿ. ಎಷ್ಟಿರಬೇಕೆಂಬುದು ಕೈಪಿಡಿಯಲ್ಲಿರುತ್ತದೆ, ನನ್ನ ಯಂತ್ರಕ್ಕೆ ಮುಂದೆ 14, ಹಿಂದೆ 10 ಪಿಎಸ್‌ಐ. ಒಂದು ಟೈರಿನಲ್ಲಿ ಗಾಳಿ ಇಳಿದಿದ್ದರೆ ಡೆಕ್ ಆ ಕಡೆಗೆ ವಾಲುತ್ತದೆ, ಆಗ ನೀವು ನಟ್ಟು ತಿರುಗಿಸಿ ಮಾಡುವ ಸರ್ಕಸ್ಸೆಲ್ಲ ವ್ಯರ್ಥ. ಅಂಗಳದಲ್ಲಿ ಒಂದು ಸಾಲು ತಗ್ಗು, ಒಂದು ಸಾಲು ಎತ್ತರವಾಗಿ ಮೆಟ್ಟಿಲಿನಂತೆ ಕಂಡರೆ ನಾನು ಮೊದಲು ನೋಡುವುದು ಟೈರನ್ನೇ.

ಈಗ ಡೆಕ್ಕನ್ನು ನಡುಮಟ್ಟದ ಎತ್ತರಕ್ಕೆ ಇರಿಸಿ, ದಪ್ಪ ಕೈಗವಸು ತೊಟ್ಟು, ಎರಡೂ ಬ್ಲೇಡುಗಳ ತುದಿಗಳು ಎಡಕ್ಕೂ ಬಲಕ್ಕೂ ಚಾಚುವಂತೆ ತಿರುಗಿಸಿ. ಎಡ ಬ್ಲೇಡಿನ ಹೊರತುದಿಯಿಂದ ನೆಲಕ್ಕೆ ಎಷ್ಟು, ಬಲ ಬ್ಲೇಡಿನ ಹೊರತುದಿಯಿಂದ ನೆಲಕ್ಕೆ ಎಷ್ಟು ಎಂಬುದನ್ನು ಅಳೆದು ಬರೆದುಕೊಳ್ಳಿ. ಡೆಕ್ಕಿನ ತಗಡಿನ ಅಂಚನ್ನು ಅಳೆಯಬೇಡಿ. ತಗಡು ಕಲ್ಲಿಗೆ ತಾಗಿ ಸೊಟ್ಟಗಾಗಿರಬಹುದು, ಹುಲ್ಲನ್ನು ಕತ್ತರಿಸುವುದೂ ತಗಡಲ್ಲ. ಎರಡು ಅಳತೆಗಳ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೆಕ್ಕನ್ನು ನೇತುಹಾಕಿರುವ ಪಕ್ಕದ ಕೊಂಡಿಯ ನಟ್ಟನ್ನು ತಿರುಗಿಸಿ ಸರಿಪಡಿಸಬೇಕು. ಒಂದೇ ಕಡೆಯ ನಟ್ಟನ್ನು ಮುಟ್ಟಿ, ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ ತಿರುಗಿಸಿ, ಮತ್ತೆ ಅಳೆಯಿರಿ. ಎರಡೂ ಕಡೆ ಒಟ್ಟಿಗೆ ತಿರುಗಿಸತೊಡಗಿದರೆ ಸಂಜೆಯಾದರೂ ಕೆಲಸ ಮುಗಿಯುವುದಿಲ್ಲ.

ಎಡಬಲ ಸರಿಹೋದ ಮೇಲೆ ಬ್ಲೇಡುಗಳನ್ನು ಹಿಂದುಮುಂದಾಗಿ ತಿರುಗಿಸಿ ಮುಂದಿನ ತುದಿಯನ್ನೂ ಹಿಂದಿನ ತುದಿಯನ್ನೂ ಅಳೆಯಿರಿ. ಇಲ್ಲಿ ಎರಡೂ ಸಮವಾಗಿರಬಾರದು. ಮುಂದಿನ ತುದಿ ಹಿಂದಿನದಕ್ಕಿಂತ 3ರಿಂದ 9 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಹಾಗಿದ್ದಾಗ ಬ್ಲೇಡು ಹುಲ್ಲನ್ನು ಮುಂದೆ ಒಮ್ಮೆ ಕತ್ತರಿಸಿ, ಹಿಂದೆ ಅದನ್ನು ಮುಟ್ಟದೆ ದಾಟುತ್ತದೆ. ಹಿಂಭಾಗವೇ ತಗ್ಗಿದ್ದರೆ ಒಮ್ಮೆ ಕತ್ತರಿಸಿದ ಹುಲ್ಲನ್ನೇ ಮತ್ತೊಮ್ಮೆ ಉಜ್ಜಿಕೊಂಡು ಹೋಗುತ್ತದೆ, ಎಂಜಿನ್ನೂ ಏದುಸಿರು ಬಿಡುತ್ತದೆ. ಇದನ್ನು ಹೊಂದಿಸುವ ಸರಳು ಡೆಕ್ಕಿನ ಮುಂಭಾಗದಲ್ಲಿರುತ್ತದೆ. ಯಾವ ನಟ್ಟು, ಯಾವ ದಿಕ್ಕು ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಾದ್ದರಿಂದ ಅಷ್ಟಕ್ಕೆ ಕೈಪಿಡಿಯ ಪುಟ ತೆರೆಯಲೇಬೇಕು.

ಕೊನೆಯದಾಗಿ ಎತ್ತರ. ಸೀಟಿನ ಪಕ್ಕದ ಸನ್ನೆಗೋಲಿನ ಬಳಿ 1, 2, 3 ಎಂದು ಅಂಕಿಗಳಿರುತ್ತವೆ. ಅವು ಅಂಗುಲಗಳಲ್ಲ, ಬರಿಯ ಮೆಟ್ಟಿಲುಗಳು. ಮೂರು ಅಂಗುಲಕ್ಕೆ ಇಟ್ಟಿದ್ದೇನೆಂದು ಆಣೆ ಮಾಡಿ ಹೇಳಿದ ಸ್ನೇಹಿತರೊಬ್ಬರ ಯಂತ್ರವನ್ನು ಅಳೆದಾಗ ಬ್ಲೇಡು ನೆಲದಿಂದ ಎರಡು ಅಂಗುಲದಷ್ಟೇ ಮೇಲಿತ್ತು. ಅವರು ಎರಡು ಬೇಸಿಗೆ ಆ ಅಂಗಳಕ್ಕೆ ನೀರು, ಗೊಬ್ಬರ, ಔಷಧಿ ಎಲ್ಲವನ್ನೂ ಸುರಿದಿದ್ದರು. ಬ್ಲೇಡಿನ ತುದಿಯನ್ನು ಕಾಂಕ್ರೀಟ್ ನೆಲದಿಂದಲೇ ಅಳೆದು, ಮೂರೂವರೆ ಅಂಗುಲ ಬರುವ ಮೆಟ್ಟಿಲನ್ನು ಗುರುತಿಸಿ ಅಲ್ಲೊಂದು ಚುಕ್ಕೆ ಇಡಿ. ನಮ್ಮ ಮನೆಯ ಯಂತ್ರದ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ ಇದೆ, ನಾಲ್ಕು ವರ್ಷವಾದರೂ ಅಳಿಸಿಲ್ಲ.

ಬ್ಲೇಡಿಗೆ ಸಾಣೆ

ಸುಮಾರು 25 ಗಂಟೆಗಳ ಕೆಲಸಕ್ಕೊಮ್ಮೆ ಸಾಣೆ ಹಿಡಿಯಬೇಕು. ಜ್ಯಾಕ್ ಕೊಟ್ಟು ಎತ್ತಿದ ಯಂತ್ರದ ಕೆಳಗೆ ತೂರಿಕೊಳ್ಳುವ ಸಾಹಸ ಬೇಡವೇ ಬೇಡ. ಬೆಲ್ಟು ಕಳಚಿ, ಪಿನ್ನುಗಳನ್ನು ತೆಗೆದರೆ ಡೆಕ್ ಪಕ್ಕಕ್ಕೆ ಜಾರಿ ಹೊರಬರುತ್ತದೆ, ಮಗುಚಿ ಹಾಕಿಕೊಂಡು ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ಬೋಲ್ಟು ಸಡಿಲಿಸುವಾಗ ಬ್ಲೇಡು ತಿರುಗದಂತೆ ಮರದ ತುಂಡೊಂದನ್ನು ಅಡ್ಡ ಇರಿಸಿ. ಮೊದಲಿದ್ದ ಇಳಿಜಾರನ್ನೇ ಅನುಸರಿಸಿ ಮೇಲ್ಬದಿಯನ್ನು ಮಾತ್ರ ಅರದಿಂದ ಉಜ್ಜಿ. ಕ್ಷೌರದ ಕತ್ತಿಯಂತೆ ಮಾಡಬೇಡಿ, ಬೆಣ್ಣೆ ಸವರುವ ಚಾಕುವಿನಷ್ಟು ಹರಿತ ಸಾಕು. ಅತಿ ತೆಳ್ಳಗಿನ ಅಂಚು ಮೊದಲ ಕಡ್ಡಿಗೇ ಮಡಚಿಕೊಳ್ಳುತ್ತದೆ. ಗ್ರೈಂಡರ್ ಬಳಸುವವರು ಕಬ್ಬಿಣ ನೀಲಿಬಣ್ಣಕ್ಕೆ ತಿರುಗದಂತೆ ನಿಲ್ಲಿಸಿ ನಿಲ್ಲಿಸಿ ಉಜ್ಜಬೇಕು. ನೀಲಿಯಾಯಿತೆಂದರೆ ಅದರ ಹದ ಹೋಯಿತು.

ಆಮೇಲೆ ಗೋಡೆಗೆ ಮೊಳೆ ಹೊಡೆದು ಬ್ಲೇಡಿನ ನಡುತೂತನ್ನು ಅದಕ್ಕೆ ಸಿಕ್ಕಿಸಿ. ತಕ್ಕಡಿಯಂತೆ ಅಡ್ಡಕ್ಕೆ ನಿಂತರೆ ಸರಿ. ಒಂದು ಕಡೆ ಜಗ್ಗಿದರೆ ಆ ಭಾರದ ತುದಿಯನ್ನು ಇನ್ನಷ್ಟು ಉಜ್ಜಬೇಕು. ತೂಕ ತಪ್ಪಿದ ಬ್ಲೇಡು ನಡುಗುತ್ತ ತಿರುಗಿ, ಒಂದೇ ಹಂಗಾಮಿನಲ್ಲಿ ಬೇರಿಂಗ್ ತಿಂದುಹಾಕಬಲ್ಲದು. ತಿರುಗಿ ಜೋಡಿಸುವಾಗ ಬಾಗಿದ ರೆಕ್ಕೆ ಡೆಕ್ಕಿನ ಕಡೆಗೆ, ಅಂದರೆ ಮೇಲಕ್ಕೆ ಇರಬೇಕು. ತಲೆಕೆಳಗಾಗಿ ಹಾಕಿ ಹುಲ್ಲನ್ನು ಬಡಿದು ಮಲಗಿಸಿದವರಲ್ಲಿ ನಾನೂ ಒಬ್ಬ. ಬೋಲ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಾಗಿ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಕೂರಿಸಿ. ಬ್ಲೇಡು ಬಿಚ್ಚದೆಯೇ ಡ್ರಿಲ್ಲಿಗೆ ಸಿಕ್ಕಿಸಿ ಹರಿತ ಮಾಡುವ ಪುಟ್ಟ ಸಾಣೆಕಲ್ಲುಗಳನ್ನು ಮಾರುತ್ತಾರೆ. ಅದರಿಂದ ಬ್ಲೇಡಿನ ತೂಕ ನೋಡಲಾಗದು, ಬಿರುಕು ಕಾಣದು. ಆ ದುಡ್ಡಿಗೆ ಇನ್ನೊಂದು ಜೊತೆ ಬ್ಲೇಡು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.

ಓಡಿಸುವುದು

ಎಂಜಿನ್ನಿನ ವೇಗ ಹೊಂದಿಸುವ ಹಿಡಿಯಾದ ಥ್ರಾಟಲ್ ಪಕ್ಕದಲ್ಲಿ ಒಂದು ಮೊಲದ ಚಿತ್ರವೂ ಒಂದು ಆಮೆಯ ಚಿತ್ರವೂ ಇರುತ್ತವೆ. ಪೆಟ್ರೋಲು ಉಳಿಸಲೆಂದು ಬಹಳ ಮಂದಿ ಎರಡರ ನಡುವೆ ಇಡುತ್ತಾರೆ. ಬ್ಲೇಡು ತಿರುಗುವ ವೇಗ ಎಂಜಿನ್ನಿನ ವೇಗವನ್ನೇ ಅವಲಂಬಿಸಿರುವುದರಿಂದ, ಎಂಜಿನ್ ನಿಧಾನವಾದಷ್ಟೂ ಹುಲ್ಲು ಕತ್ತರಿಸದೆ ಹರಿಯುತ್ತದೆ. ಬ್ಲೇಡು ತೊಡಗಿಸಿದ ಮೇಲೆ ಥ್ರಾಟಲ್ ಮೊಲದ ಚಿತ್ರಕ್ಕೇ ಇರಲಿ, ನಿಧಾನಿಸಬೇಕಾದದ್ದು ಚಕ್ರ. ಹುಲ್ಲು ದಟ್ಟವಾದಲ್ಲಿ ನಡಿಗೆಯ ವೇಗವೇ ಹೆಚ್ಚು.

ಮೊದಲ ಎರಡು ಸುತ್ತನ್ನು ಬೇಲಿಯ ಗುಂಟ ಪ್ರದಕ್ಷಿಣೆಯಂತೆ ಹಾಕಿ. ಹುಲ್ಲು ಉಗುಳುವ ಬಾಯಿ ಬಲಗಡೆ ಇರುವುದರಿಂದ ಕತ್ತರಿಸಿದ್ದು ಹೂವಿನ ಪಾತಿಗಾಗಲಿ, ನೆರೆಯವರ ಕಾರಿಗಾಗಲಿ ಹೋಗದೆ ಅಂಗಳದೊಳಕ್ಕೇ ಬೀಳುತ್ತದೆ. ನಂತರ ಉಳುವವರಂತೆ ಉದ್ದುದ್ದ ಸಾಲು ಹಿಡಿದು, ಪ್ರತಿ ಸಾಲೂ ಹಿಂದಿನದರ ಮೇಲೆ ಮೂರು ಅಂಗುಲ ಬರುವಂತೆ ಸಾಗಿ. ವಾರಕ್ಕೊಂದು ದಿಕ್ಕು ಬದಲಿಸಿ, ಇಲ್ಲವಾದರೆ ಚಕ್ರದ ಜಾಡು ಬೀಳುತ್ತದೆ. ಒಂದು ಸಲಕ್ಕೆ ಎಸಳಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಊರಿಗೆ ಹೋಗಿ ಬರುವಷ್ಟರಲ್ಲಿ ಮೊಣಕಾಲುದ್ದ ಬೆಳೆದಿದ್ದರೆ ಮೂರು ನಾಲ್ಕು ದಿನದ ಅಂತರ ಬಿಟ್ಟು ಹಂತಹಂತವಾಗಿ ತಗ್ಗಿಸಿ. ಒದ್ದೆ ಹುಲ್ಲಿಗೆ ಯಂತ್ರ ಇಳಿಸಬೇಡಿ. ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಎಸೆಯುವ ಅಗತ್ಯವಿಲ್ಲ; ಅಲ್ಲಿಯೇ ಬಿದ್ದು ಕೊಳೆತರೆ ಹುಲ್ಲಿಗೆ ಬೇಕಾದ ಸಾರಜನಕದ ಒಂದು ಪಾಲು ಅದರಿಂದಲೇ ಸಿಗುತ್ತದೆ.

ಇಳಿಜಾರಿನಲ್ಲಿ ಲಾನ್ ಟ್ರ್ಯಾಕ್ಟರನ್ನು ಅಡ್ಡಡ್ಡ ಓಡಿಸಬಾರದು, ಏರಿ ಇಳಿಯಬೇಕು, ನಡುವೆ ತಿರುಗಿಸಬಾರದು. ತಳ್ಳುವ ಯಂತ್ರಕ್ಕೆ ಇದರ ತದ್ವಿರುದ್ಧ ನಿಯಮವಿರುವುದರಿಂದ ಗೊಂದಲವಾಗುತ್ತದೆ. ಇಳಿಜಾರು 15 ಡಿಗ್ರಿ ಮೀರಿದರೆ, ಅಂದರೆ ಹತ್ತು ಅಡಿ ದೂರಕ್ಕೆ ಸುಮಾರು ಎರಡೂವರೆ ಅಡಿ ಏರಿದ್ದರೆ, ಅಲ್ಲಿಗೆ ಕೂತು ಓಡಿಸುವ ಯಂತ್ರ ಹೋಗಲೇಬಾರದು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುವ ಅಜ್ಜಂದಿರಿಗೆ ನಾನು ಮುಖಮೂತಿ ನೋಡದೆ ಬೇಡವೆನ್ನುತ್ತೇನೆ. ಮಕ್ಕಳು ಮನೆಯೊಳಗಿರಬೇಕು, ಹಿಂದಕ್ಕೆ ಹೋಗುವಾಗ ತಿರುಗಿ ನೋಡಿ ಹೋಗಬೇಕು, ಚಪ್ಪಲಿಯಲ್ಲಿ ಯಂತ್ರ ಹತ್ತಬಾರದು. ಸೀಟಿನಿಂದ ಎದ್ದರೆ ಎಂಜಿನ್ ಆರಿಸುವ ಸ್ವಿಚ್ಚನ್ನು ತಂತಿ ಸುತ್ತಿ ನಿಷ್ಕ್ರಿಯಗೊಳಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಅವರ ಮಾತು ಕೇಳಬೇಡಿ.

ಮಣ್ಣು, ನೀರು, ಗೊಬ್ಬರ

ಇಲ್ಲಿನ ಪೀಡ್‌ಮಾಂಟ್ ಸೀಮೆಯ ಮಣ್ಣು ಕೋಲಾರದ ಕೆಮ್ಮಣ್ಣನ್ನು ನೆನಪಿಸುವ ಕೆಂಪು ಜೇಡಿ, ಹುಳಿ ಗುಣದ್ದು. ರಾಜ್ಯದ ಕೃಷಿ ಇಲಾಖೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಮಣ್ಣಿನ ಪರೀಕ್ಷೆಯನ್ನು ಶುಲ್ಕವಿಲ್ಲದೆ ಮಾಡಿಕೊಡುತ್ತದೆ. ಅದರ ವರದಿ ನೋಡದೆ ಸುಣ್ಣ ಎರಚಬೇಡಿ.

ಹೆಚ್ಚಿನ ಅಂಗಳಗಳಲ್ಲಿರುವ ಟಾಲ್ ಫೆಸ್ಕ್ಯೂ ತಂಪುಕಾಲದ ಹುಲ್ಲು. ಅದಕ್ಕೆ ಸೆಪ್ಟೆಂಬರ್, ನವೆಂಬರ್, ಫೆಬ್ರವರಿಗಳಲ್ಲಿ ಗೊಬ್ಬರ ಕೊಟ್ಟು, ಮಾರ್ಚ್ ನಡುಭಾಗದ ನಂತರ ನಿಲ್ಲಿಸಬೇಕು. ಬೇಸಿಗೆಯಲ್ಲಿ ಬಣ್ಣ ಕಂಗೆಟ್ಟಿತೆಂದು ಸಾರಜನಕ ಕೊಟ್ಟರೆ ಬ್ರೌನ್ ಪ್ಯಾಚ್ ಎಂಬ ಶಿಲೀಂಧ್ರ ರೋಗಕ್ಕೆ ಊಟ ಬಡಿಸಿದಂತೆ. 1000 ಚದರ ಅಡಿಗೆ, ಅಂದರೆ ನಮ್ಮ 30–40 ಸೈಟಿಗಿಂತ ತುಸು ಕಡಿಮೆ ಜಾಗಕ್ಕೆ, ಒಂದು ಸಲಕ್ಕೆ ಒಂದು ಪೌಂಡ್ ಸಾರಜನಕವೇ ಮಿತಿ. ಚೀಲದ ಮೇಲೆ 16-4-8 ಎಂದಿದ್ದರೆ ನೂರು ಪೌಂಡಿಗೆ ಹದಿನಾರು ಪೌಂಡ್ ಸಾರಜನಕ ಎಂದರ್ಥ; ಆದ್ದರಿಂದ ಆರೂಕಾಲು ಪೌಂಡ್ ಗೊಬ್ಬರ ಸಾಕು. ಕಳೆನಾಶಕವನ್ನೂ ಗೊಬ್ಬರವನ್ನೂ ಬೆರೆಸಿ ಮಾರುವ ಚೀಲಗಳನ್ನು ನಾನು ಕೊಳ್ಳುವುದಿಲ್ಲ, ಏಕೆಂದರೆ ಕಳೆಗೆ ಔಷಧಿ ಹಾಕುವ ಕಾಲವೂ ಫೆಸ್ಕ್ಯೂಗೆ ಗೊಬ್ಬರ ಹಾಕುವ ಕಾಲವೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ.

ನೀರು ಮಳೆಯೂ ಸೇರಿ ವಾರಕ್ಕೆ ಒಂದು ಅಂಗುಲ. ಒಂದು ಖಾಲಿ ಡಬ್ಬಿಯನ್ನು ಸ್ಪ್ರಿಂಕ್ಲರ್ ಬೀಳುವಲ್ಲಿ ಇಟ್ಟು ಅಳೆದುಕೊಳ್ಳಿ. ಜೇಡಿಮಣ್ಣು ಬೇಗ ಹೀರದು, ಎರಡು ಕಂತಿನಲ್ಲಿ ಬಿಡಿ; ನಸುಕಿನಲ್ಲಿ ಬಿಡಿ, ಸಂಜೆ ಬಿಟ್ಟರೆ ಎಸಳು ರಾತ್ರಿಯೆಲ್ಲ ಒದ್ದೆಯಾಗಿದ್ದು ರೋಗ ಹಿಡಿಯುತ್ತದೆ.

ಸೆಪ್ಟೆಂಬರಿನ ಬಿತ್ತನೆ

ಮಣ್ಣಿನ ಸಣ್ಣ ಸಣ್ಣ ಉರುಳೆಗಳನ್ನು ಕಿತ್ತು ಹೊರಹಾಕುವ ಏರೇಟರ್ ಬಾಡಿಗೆಗೆ ಸಿಗುತ್ತದೆ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುಭಾಗದೊಳಗೆ ಅದನ್ನು ಓಡಿಸಿ, ಬರಿದಾದಲ್ಲಿ 1000 ಚದರ ಅಡಿಗೆ ಐದಾರು ಪೌಂಡಿನಂತೆ ಬೀಜ ಚೆಲ್ಲಿ, ಮೊಳಕೆಯಾಗುವವರೆಗೆ ತೇವ ಆರದಂತೆ ನೋಡಿಕೊಳ್ಳಿ. ಬೀಜದ ಚೀಲದ ಹಿಂದಿನ ಚೀಟಿ ಓದಿ. ಆನ್ಯುಯಲ್ ರೈಗ್ರಾಸ್ ಬೆರೆತಿದ್ದರೆ ಅದು ಬೇಗ ಹಸಿರು ತೋರಿಸಿ ಮುಂದಿನ ಬೇಸಿಗೆಗೆ ಸಾಯುತ್ತದೆ. ಮೊಳಕೆ ತಡೆಯುವ ಕಳೆನಾಶಕ ಹಾಕಿದ ಮಣ್ಣಿಗೆ ಅದರ ಅವಧಿ ಮುಗಿಯುವವರೆಗೆ ಬೀಜ ಬಿತ್ತಿ ಪ್ರಯೋಜನವಿಲ್ಲ.

ಫೆಸ್ಕ್ಯೂ ನಡುವೆ ನುಗ್ಗುವ ಬರ್ಮುಡಾ ಹುಲ್ಲನ್ನು ಇಲ್ಲಿ ಕಳೆಯೆಂದು ಎಣಿಸಿ ಔಷಧಿ ಹೊಡೆಯುತ್ತಾರೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಗರಿಕೆಯೇ. ಬಿತ್ತನೆಯ ಕಾಲಕ್ಕೆ ಸರಿಯಾಗಿ ಗಣೇಶನ ಹಬ್ಬವೂ ಬರುವುದರಿಂದ ಅಂಚೆಡಬ್ಬಿಯ ಬುಡದಲ್ಲಿ ಎರಡಡಿ ಜಾಗಕ್ಕೆ ನಾನು ಔಷಧಿಯನ್ನೂ ಸೋಂಕಿಸುವುದಿಲ್ಲ, ಮೋವರನ್ನೂ ಒಯ್ಯುವುದಿಲ್ಲ. ಆಗಸ್ಟ್ ಮುಗಿಯುತ್ತಿದ್ದಂತೆ ಸುತ್ತಲಿನ ನಾಲ್ಕಾರು ಮನೆಯವರು ಇಪ್ಪತ್ತೊಂದು ಎಸಳಿಗಾಗಿ ಅಲ್ಲಿಗೇ ಬರುತ್ತಾರೆ.