ಭಯ ಮಾರುವವನು ಬಾಗಿಲಿಗೆ ಬಂದಾಗ

ಮೈಸೂರಿನ ಕುವೆಂಪುನಗರದಲ್ಲಿ ಎರಡು ವರ್ಷ ಮನೆಮನೆ ತಿರುಗಿ ಸಿಸಿಟಿವಿ ಮಾರಿದವನು ನಾನು. ನಮ್ಮ ಸಾಹೇಬರ ಪಾಠ ಒಂದೇ: "ಮೊದಲು ಕಳ್ಳನನ್ನು ಮಾರು, ಕ್ಯಾಮೆರಾ ತಾನಾಗಿ ಹೋಗುತ್ತೆ." ಬ್ಯಾಗಿನಲ್ಲಿ ಕಳ್ಳತನದ ಪತ್ರಿಕೆ ತುಣುಕುಗಳಿರುತ್ತಿದ್ದವು, ಊರು, ತಾರೀಖು ಕತ್ತರಿಸಿದವು.

"ಅಮ್ಮಾ, ಹಗಲು ಮನೇಲಿ ಒಬ್ರೇ ಇರ್ತೀರಾ?" ನಮ್ಮ ಮೊದಲ ಪ್ರಶ್ನೆ ಇದು. ಉತ್ತರ ಕೊಡಬೇಡಿ, ಕಳ್ಳನಿಗೂ ಬೇಕಾಗಿರುವುದು ಅದೇ ಮಾಹಿತಿ. "ಯಾವ ಬೀದೀಲಿ, ಯಾವತ್ತು ಕಳ್ಳತನ ಆಯ್ತಪ್ಪ?" ಎಂದು ತಿರುಗಿಸಿ ಕೇಳಿ. ಒಬ್ಬ ಅಜ್ಜಿ ಹೀಗೆ ಕೇಳಿದಾಗ ನಾನು ತಡವರಿಸಿ, ಅವರೇ ಕೊಟ್ಟ ಮಜ್ಜಿಗೆ ಕುಡಿದು ಮೆಟ್ಟಿಲಿಳಿದಿದ್ದೆ. "ರಿಯಾಯಿತಿ ಇವತ್ತೊಂದೇ ದಿನ" ಅಂದರೆ ನಂಬಬೇಡಿ. ನಾಳೆಯೂ ಇರುತ್ತೆ, ನಾನೇ ಕೊಟ್ಟಿದ್ದೇನೆ.

ಕ್ಯಾಮೆರಾಕ್ಕೂ ಮೊದಲು ಹಿತ್ತಿಲ ಬಾಗಿಲಿನ ಚಿಲಕ ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ಬಡಗಿಯನ್ನು ಕರೆಸಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ, ಠಾಣೆಗೆ ತಿಳಿಸಿ.

ಆಮೇಲೂ ಕ್ಯಾಮೆರಾ ಬೇಕೆನಿಸಿದರೆ ಲೆಕ್ಕ ಕೇಳಿ. ತಲಾ 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್ ವಿಡಿಯೋ) ನಾಲ್ಕು ಕ್ಯಾಮೆರಾ ಹಗಲೂ ರಾತ್ರಿ ಓಡಿದರೆ ರೆಕಾರ್ಡಿಂಗ್ ಉಳಿಸುವ 1 ಟಿಬಿ ಡಿಸ್ಕ್ ಸುಮಾರು 11 ದಿನಕ್ಕೆ ತುಂಬುತ್ತೆ. ನಾವು "ಒಂದು ತಿಂಗಳು" ಅನ್ನುತ್ತಿದ್ದೆವು. ಕರೆಂಟ್ ಹೋದರೆ ಡಿವಿಆರ್, ಅಂದರೆ ರೆಕಾರ್ಡ್ ಮಾಡುವ ಪೆಟ್ಟಿಗೆ, ಸತ್ತಂತೆಯೇ, ಅದನ್ನು ಯುಪಿಎಸ್‌ಗೆ ಜೋಡಿಸಿ. ಅಳವಡಿಸಿದವನು ಗೇಟು ದಾಟುವ ಮೊದಲೇ ಪಾಸ್‌ವರ್ಡ್ ಬದಲಿಸಿ. ನಾವು ಹಾಕುತ್ತಿದ್ದದ್ದು ಎಲ್ಲ ಮನೆಗೂ ಒಂದೇ.